ಕ್ಯಾನ್ಸರ್ ರೋಗಿಗಳ ಹೃದಯ ಕೋಣೆಗೆ ಇನ್ನೊಂದು ಕುರ್ಚಿ ಕೋರಿ

ಇಂದ,
ಟೈಪಿಂಗ್ ಅಂಗಡಿಯ ಮಾಲೀಕ, ಅದೇ ಅಂಗಡಿಯ ಏಕೈಕ ನೌಕರ, ಹಾಗೂ ತಮ್ಮ ಆಸ್ಪತ್ರೆಯ ಒಬ್ಬ ರೋಗಿಯ ಗಂಡ,
ಕಚೇರಿಗಳ ಬೀದಿ, ಕನ್ನಡಕದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವಿನ ಸಂದು.

ಗೆ,
ಮಾನ್ಯ ವೈದ್ಯಕೀಯ ಅಧೀಕ್ಷಕರು,
ದೊಡ್ಡಾಸ್ಪತ್ರೆ, ಆಡಳಿತ ಕಟ್ಟಡ,
ಎರಡನೆಯ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ಕ್ಯಾನ್ಸರ್ ರೋಗಿಗಳಿಗಾಗಿ ತಾವು ತೆರೆದಿರುವ ಹೃದಯ ಆರೈಕೆ ಕೋಣೆಯಲ್ಲಿ ಹೃದಯ ಆರೈಕೆಯನ್ನೂ ಆರಂಭಿಸುವ ಬಗ್ಗೆ, ತತ್ಸಂಬಂಧ ಒಂದು ಕುರ್ಚಿಯ ಬಗ್ಗೆ.

ಉಲ್ಲೇಖ:
೧. ಸದರಿ ಕೋಣೆಯ ಉದ್ಘಾಟನೆಯಂದು ತಾವು ಮಾಡಿದ ಭಾಷಣ (ನಾನು ಕೊನೆಯ ಸಾಲಿನಲ್ಲಿದ್ದೆ, ಮೈಕ್ ಚೆನ್ನಾಗಿತ್ತು).
೨. ನನ್ನ ಹಿಂದಿನ ಅರ್ಜಿಗಳು, ಮತ್ತು ಅವುಗಳಿಗೆ ಈವರೆಗೆ ಬಾರದಿರುವ ತಮ್ಮ ಉತ್ತರಗಳು.
೩. ನನ್ನ ಹೆಂಡತಿಯ ಮೌಖಿಕ ಆದೇಶ: "ಈ ಸಲನಾದ್ರೂ ಸರಿಯಾಗಿ ಬರೀರಿ. ಇಲ್ಲಾಂದ್ರೆ ನಾನೇ ಹೋಗಿ ಮಾತಾಡ್ತೀನಿ."

ಮಾನ್ಯರೇ,

ಮೂರನೆಯ ಉಲ್ಲೇಖದಲ್ಲಿ ಹೇಳಿರುವ ಸನ್ನಿವೇಶ ಒದಗಿದರೆ ತಮಗೆ ಆಗಬಹುದಾದ ಕಷ್ಟವನ್ನು ಮುಂದಾಲೋಚಿಸಿ, ತಮ್ಮ ಹಿತದೃಷ್ಟಿಯಿಂದಲೇ ಈ ಕೆಳಕಂಡ ಅಂಶಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

೧. ನಾನು ಬೇರೆಯವರ ಅರ್ಜಿಗಳನ್ನು ಟೈಪ್ ಮಾಡಿಕೊಟ್ಟು ಬದುಕುವವನು. ಪಿಂಚಣಿ ನಿಂತುಹೋದವರು, ನಲ್ಲಿಯಲ್ಲಿ ನೀರು ಬಾರದವರು, ದಾಖಲೆಯಲ್ಲಿ ತೀರಿಹೋಗಿ ಕಣ್ಣೆದುರಿಗೆ ಗಟ್ಟಿಮುಟ್ಟಾಗಿ ಕೂತಿರುವವರು, ಎಲ್ಲರೂ ನನ್ನ ಮುಂದೆ ಕಷ್ಟ ಹೇಳಿಕೊಳ್ಳುತ್ತಾರೆ. ನಾನು ಅದನ್ನು ಕಚೇರಿಗಳಿಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತೇನೆ. ಅವರು "ಹೊಟ್ಟೆ ಉರೀತಾ ಇದೆ ಸ್ವಾಮಿ" ಎಂದರೆ ನಾನು "ಅನಾನುಕೂಲವಾಗಿರುತ್ತದೆ" ಎಂದು ಬಡಿಯುತ್ತೇನೆ. "ಇವರ ಮನೆ ಹಾಳಾಗ" ಎಂದರೆ "ಸಂಬಂಧಪಟ್ಟವರು ಗಮನ ಹರಿಸಿರುವುದಿಲ್ಲ" ಎಂದು ಬಡಿಯುತ್ತೇನೆ. ಆದ್ದರಿಂದ ಈ ಅರ್ಜಿಯಲ್ಲಿ ಅಂಥ ಮಾತುಗಳು ಬಂದಲ್ಲೆಲ್ಲ ಮೂಲ ಏನಿರಬಹುದೆಂದು ತಾವೇ ಊಹಿಸಿಕೊಳ್ಳಬೇಕು.

೨. ನನ್ನ ಹೆಂಡತಿ (ಇನ್ನು ಮುಂದೆ "ಸದರಿಯವಳು") ಬಟ್ಟೆ ಹೊಲಿಯುವವಳು. ಅಂಗಡಿಯ ಮುಂದಿನ ಕೋಣೆಯಲ್ಲಿ ನನ್ನ ಯಂತ್ರ, ಹಿಂದಿನ ಕೋಣೆಯಲ್ಲಿ ಆಕೆಯ ಯಂತ್ರ. ಎರಡೂ ಒಟ್ಟಿಗೆ ಓಡುವಾಗ ಬೀದಿಯವರು ನಮ್ಮದು ಸುಖಸಂಸಾರ ಎಂದುಕೊಳ್ಳುತ್ತಾರೆ. ಆ ಸದ್ದಿನಲ್ಲಿ ನಮ್ಮ ಜಗಳ ಹೊರಗೆ ಕೇಳಿಸುವುದಿಲ್ಲ, ಅಷ್ಟೇ.

ಕಳೆದ ವರ್ಷ ಸದರಿಯವಳ ಎಡಸ್ತನದಲ್ಲಿ ಗಂಟು ಕಾಣಿಸಿಕೊಂಡಿತು. ತಮ್ಮ ಕ್ಯಾನ್ಸರ್ ಕಟ್ಟಡದ ಡಾಕ್ಟರು ನೋಡಿದರು. ಸದರಿಯವಳು ಅವರಿಗೆ "ನಗುಮುಖ" ಎಂದು ಹೆಸರಿಟ್ಟಿದ್ದಾಳೆ. ಅವರು ಒಳ್ಳೆಯ ಸುದ್ದಿಯನ್ನು ಹೇಗೆ ನಗುತ್ತ ಹೇಳುತ್ತಾರೋ ಕೆಟ್ಟ ಸುದ್ದಿಯನ್ನೂ ಹಾಗೆಯೇ ಹೇಳುತ್ತಾರೆ. ಸ್ತನವನ್ನು ತೆಗೆದರು. ಕೆಂಪು ಬಣ್ಣದ ಔಷಧಿಯನ್ನು ರಕ್ತಕ್ಕೆ ಏರಿಸಿದರು. ಕೂದಲು ಹೋಯಿತು, ಹುಬ್ಬೂ ಹೋಯಿತು. ಸದರಿಯವಳು ಒಂದು ದಿನ ಕನ್ನಡಿಯ ಮುಂದೆ ನಿಂತು ತನ್ನ ಎದೆಗೆ ತಾನೇ ಟೇಪು ಹಿಡಿದು ಅಳತೆ ತೆಗೆದುಕೊಂಡು, "ಇನ್ಮೇಲೆ ಎಡಗಡೆ ಬಟ್ಟೆ ಉಳಿತಾಯ ಬಿಡ್ರೀ" ಎಂದಳು. ಆಮೇಲೆ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಹೊಸ ಅಳತೆಗೆ ಒಂದು ಉಡುಪು ಹೊಲಿದಾಗಿತ್ತು. ಈ ಭಾಗದ ಬಗ್ಗೆ ನಮ್ಮ ದೂರು ಏನೂ ಇಲ್ಲ. ಗಂಟು ಹೋಗಿದೆ, ನಗುಮುಖದ ಡಾಕ್ಟರಿಗೆ ನಾವು ಸಾಯುವವರೆಗೂ ಋಣಿಗಳು.

೩. ಹೋದ ಗಂಟು ಮರಳಿ ಬಾರದಂತೆ ತಡೆಯಲು ಒಂದು ಇಂಜೆಕ್ಷನ್ ಇದೆ. ಮೂರು ವಾರಕ್ಕೊಮ್ಮೆ, ವರ್ಷಪೂರ್ತಿ ಕೊಡಬೇಕು. ಇದರದ್ದೊಂದು ತಕರಾರಿದೆ. ಕ್ಯಾನ್ಸರಿಗೆಂದು ಬೀಸಿದ ಏಟು ಕೆಲವರಲ್ಲಿ ಹೃದಯಕ್ಕೂ ತಗಲಿಬಿಡುತ್ತದೆ. ಸದರಿಯವಳ ಹೃದಯ ಅರ್ಧ ದಾರಿಯಲ್ಲೇ ದಣಿಯಿತು. ಒಂದು ತೋಳನ್ನು ಒಂದೇ ಓಟದಲ್ಲಿ ಹೊಲಿದು ಮುಗಿಸುತ್ತಿದ್ದವಳು ಈಗ ನಡುವೆ ಪೆಡಲ್ ನಿಲ್ಲಿಸುತ್ತಾಳೆ. ಮನೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಕೈಚೀಲದಲ್ಲಿ ಬೀಗದ ಕೈ ಹುಡುಕುತ್ತಾಳೆ. ಬೀಗದ ಕೈ ನನ್ನ ಜೇಬಿನಲ್ಲಿರುತ್ತದೆ. ಅದು ಆಕೆಗೂ ಗೊತ್ತು, ನನಗೂ ಗೊತ್ತು. ಹುಡುಕಿ ಮುಗಿಯುವವರೆಗೆ ನಾನು ಗೋಡೆಯ ಬಣ್ಣ ನೋಡುತ್ತ ನಿಲ್ಲುತ್ತೇನೆ.

ನಗುಮುಖದ ಡಾಕ್ಟರು ಹೃದಯದ ಎಕೋ ಪರೀಕ್ಷೆಯ ಕಾಗದ ನೋಡಿ ಇಂಜೆಕ್ಷನ್ ನಿಲ್ಲಿಸಿದರು. "ಹೃದಯದವರು ಕೊಡಬಹುದು ಅಂತ ಒಂದು ಮಾತು ಬರೆದುಕೊಡ್ಲಿ ತಾಯಿ, ಮಾರನೇ ದಿನಾನೇ ಶುರು ಮಾಡ್ತೀನಿ. ಆದ್ರೆ ತುಂಬಾ ತಡ ಆಗ್ಬಾರ್ದು. ತಡ ಆದ್ರೆ ಅದು ವಾಪಸ್ ಬರಬಹುದು" ಎಂದು ನಗುತ್ತ ಹೇಳಿದರು.

೪. ಕಾರಣ ನಾವು ಹೃದಯದ ಕಟ್ಟಡಕ್ಕೆ ಹೊರಟೆವು. ತಮ್ಮಲ್ಲಿ ಕ್ಯಾನ್ಸರ್ ಕಟ್ಟಡ ಬೇರೆ, ಹೃದಯದ ಕಟ್ಟಡ ಬೇರೆ; ನಡುವೆ ಒಂದು ಉದ್ದನೆಯ ಕಾರಿಡಾರ್. ಕ್ಯಾನ್ಸರ್ ಕಟ್ಟಡದ ವೀಲ್‌ಚೇರಿನಲ್ಲಿ ಸದರಿಯವಳನ್ನು ಕೂರಿಸಿಕೊಂಡು ತಳ್ಳುವ ಅಣ್ಣ ಒಬ್ಬರು ಬಂದರು. ಅರ್ಧ ಕಾರಿಡಾರಿನಲ್ಲಿ ನೆಲದ ಮೇಲೊಂದು ಹಳದಿ ಗೆರೆ. ಅಲ್ಲಿ ಗಕ್ಕನೆ ನಿಂತರು.

"ಇಳೀರಿ ಅಮ್ಮ. ನಮ್ಮ ಗಡಿ ಇಲ್ಲಿಗೆ ಮುಗೀತು."

"ಹೃದಯದ ಕಟ್ಟಡ ಇನ್ನೂ ಅಲ್ಲಿದೆಯಲ್ಲಪ್ಪಾ?" ಎಂದೆ.

"ಅಲ್ಲೊಂದು ಕೆಂಪು ಗೆರೆ ಇದೆ ನೋಡಿ ಸಾರ್, ಅಲ್ಲಿಂದ ಅವರ ವೀಲ್‌ಚೇರು. ನಮ್ಮದು ಆ ಕಡೆ ಹೋದ್ರೆ ವಾಪಸ್ ಬರಲ್ಲ."

"ಮತ್ತೆ ರೋಗಿ?"

"ರೋಗಿಗಳು ಬರ್ತಾರೆ ಸಾರ್. ಅವರಿಗೇನು, ದಾರಿ ಗೊತ್ತಿರುತ್ತೆ."

ಹಳದಿ ಗೆರೆಗೂ ಕೆಂಪು ಗೆರೆಗೂ ನಡುವಿನ ಜಾಗ ಯಾರಿಗೂ ಸೇರಿದ್ದಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಗೆರೆಯವರೆಗೆ ಗುಡಿಸುತ್ತಾರಾದ್ದರಿಂದ ಕಸವೆಲ್ಲ ಅಲ್ಲಿ ಬಂದು ನಿಂತಿರುತ್ತದೆ. ದಣಿದ ಹೃದಯವನ್ನು ತೋರಿಸಲು ಹೊರಟ ಸದರಿಯವಳು ಆ ಕಸದ ನಡುವೆ ನನ್ನ ಹೆಗಲು ಹಿಡಿದು ನಡೆದಳು, ನಡುವೆ ಒಮ್ಮೆ ಕೈಚೀಲದಲ್ಲಿ ಬೀಗದ ಕೈ ಹುಡುಕಿದಳು, ಆಮೇಲೆ ಕೆಂಪು ಗೆರೆಯ ಆಚೆಗಿನ ವೀಲ್‌ಚೇರಿನಲ್ಲಿ ಕೂತಳು. ಇದರಿಂದ ಅನಾನುಕೂಲವಾಗಿರುತ್ತದೆ.

೫. ಹೃದಯದ ಡಾಕ್ಟರಿಗೆ ಸದರಿಯವಳು "ಗಡಿಬಿಡಿ ಮೇಡಂ" ಎಂದು ಹೆಸರಿಟ್ಟಿದ್ದಾಳೆ. ನಡೆಯುತ್ತಲೇ ಮಾತಾಡುತ್ತಾರೆ, ನಾವೂ ಹಿಂದೆ ನಡೆಯುತ್ತ ಕೇಳಿಸಿಕೊಳ್ಳಬೇಕು. ಆದರೆ ಕೈಗುಣ ಒಳ್ಳೆಯದು. ಹೃದಯ ದಣಿದು ಕಾಲಿಗೆ ಬಂದಿದ್ದ ಊತ ಅವರು ಕೊಟ್ಟ ಮಾತ್ರೆಗಳಿಂದ ಇಳಿದಿದೆ. ಇಂಜೆಕ್ಷನ್ ವಿಷಯ ಎತ್ತಿದಾಗ ಮಾತ್ರ ಅವರು ನಿಂತರು. "ಕೊಡೋದಾ ಬಿಡೋದಾ ಅನ್ನೋದು ಕ್ಯಾನ್ಸರ್‌ನವರ ತೀರ್ಮಾನ ಅಮ್ಮ. ಅವರು ಕೊಡಲೇಬೇಕು ಅಂತ ಬರೆದ್ರೆ, ಹೃದಯ ತಡ್ಕೊಳ್ಳುತ್ತಾ ಅಂತ ನಾನು ನೋಡಿ ಹೇಳ್ತೀನಿ."

ಇತ್ತ ನಗುಮುಖದವರು, "ಅವರು ತಡ್ಕೊಳ್ಳುತ್ತೆ ಅಂತ ಬರೆದ್ರೆ, ಕೊಡಲೇಬೇಕಾ ಅಂತ ನಾನು ನೋಡ್ತೀನಿ."

ಊಟಕ್ಕೆ ಕರೆದ ಮನೆಯ ಬಾಗಿಲಲ್ಲಿ "ನೀವು ಮೊದಲು, ನೀವು ಮೊದಲು" ಎಂದು ನಿಂತುಬಿಡುವ ಇಬ್ಬರು ನೆಂಟರನ್ನು ತಾವು ನೋಡಿರಬಹುದು. ಇವರಿಬ್ಬರ ನಡುವೆ ನಾವು ಎಷ್ಟು ಸಲ ಗೆರೆ ದಾಟಿದೆವೆಂದು ನಾನಿಲ್ಲಿ ಬರೆಯುವುದಿಲ್ಲ. ಕೊನೆಗೆ ತಳ್ಳುವ ಅಣ್ಣನೇ ಸದರಿಯವಳ ಮುಖ ಕಂಡೊಡನೆ "ಏನಮ್ಮ, ಆಚೆನಾ, ಈಚೆನಾ?" ಎಂದು ಕೇಳುವಷ್ಟು ಸಲುಗೆಯಾಯಿತು.

೬. ಇಂಥ ಹೊತ್ತಿನಲ್ಲಿ ತಾವು ಕ್ಯಾನ್ಸರ್ ರೋಗಿಗಳಿಗೆಂದೇ ಒಂದು ಹೃದಯ ಆರೈಕೆ ಕೋಣೆಯನ್ನು ಆರಂಭಿಸುತ್ತಿರುವ ಸುದ್ದಿ ಬಂತು. ಸದರಿಯವಳು ಆ ದಿನ ಹೊಸ ಉಡುಪು ಹಾಕಿಕೊಂಡಳು. ನಾನು ಅಂಗಡಿ ಮುಚ್ಚಿದೆ. ಟೇಪು ಕತ್ತರಿಸುವುದನ್ನು ನೋಡಿದೆವು. "ಕ್ಯಾನ್ಸರನ್ನು ಗೆದ್ದವರು ಹೃದಯದಿಂದ ಸೋಲಬಾರದು" ಎಂದು ತಾವು ಹೇಳಿದಾಗ ಸದರಿಯವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಆಮೇಲೆ ಸ್ವಲ್ಪ ಹೊತ್ತು ಗೋಡೆಗೆ ಒರಗಿ ಸುಧಾರಿಸಿಕೊಳ್ಳಬೇಕಾಯಿತು.

ಕೋಣೆಯ ಫಲಕಕ್ಕೆ ಹಾಕಲು ಒಬ್ಬ ರೋಗಿಯ ಫೋಟೋ ಬೇಕಿತ್ತು. ಹತ್ತಿರದಲ್ಲಿ ಸಿಕ್ಕಿದವಳು ಸದರಿಯವಳು. ಫೋಟೋದವರು ಆಕೆಯನ್ನು ಕಿಟಕಿಯ ಪಕ್ಕ ಕೂರಿಸಿದರು.

"ನಗಬೇಡಿ ಅಮ್ಮ, ಸ್ವಲ್ಪ ಸೊರಗಿದ ಹಾಗೆ ಇರಿ. ಹಾಂ, ಸಾಕು. ಈಗ ನಗಿ. ಹಲ್ಲು ಕಾಣಲಿ."

ಮೊದಲ ಫೋಟೋದ ಕೆಳಗೆ "ಚಿಕಿತ್ಸೆಗೆ ಮೊದಲು" ಎಂದೂ, ಎರಡನೆಯದರ ಕೆಳಗೆ "ಚಿಕಿತ್ಸೆಯ ನಂತರ" ಎಂದೂ ಬರೆದಿದ್ದಾರೆ. "ಎರಡು ಫೋಟೋದ ನಡುವೆ ನಾನು ಕೆಮ್ಮಿದೆ, ಅಷ್ಟೇ. ಅದೇ ಇವರ ಚಿಕಿತ್ಸೆ ಇರಬೇಕು" ಎಂದು ಸದರಿಯವಳ ಅಭಿಪ್ರಾಯ. ಫಲಕವು ಇಂದಿಗೂ ಸುಸ್ಥಿತಿಯಲ್ಲಿದೆ.

೭. ಕೋಣೆ ಎಲ್ಲಿರಬೇಕೆಂಬ ಬಗ್ಗೆ ಸಮಿತಿಯೊಂದು ಬಹಳ ಯೋಚನೆ ಮಾಡಿತೆಂದು ಕೇಳಿದ್ದೇನೆ. ಕ್ಯಾನ್ಸರ್ ಕಟ್ಟಡದಲ್ಲಿಟ್ಟರೆ ಹೃದಯದವರಿಗೆ ಬೇಸರ, ಹೃದಯದ ಕಟ್ಟಡದಲ್ಲಿಟ್ಟರೆ ಕ್ಯಾನ್ಸರಿನವರಿಗೆ ಬೇಸರ. ಯಾರ ಮನಸ್ಸೂ ನೋಯಬಾರದೆಂದು ಕೊನೆಗೆ ಹಳದಿ ಗೆರೆಗೂ ಕೆಂಪು ಗೆರೆಗೂ ನಡುವಿನ ಜಾಗದಲ್ಲಿಯೇ ಕಟ್ಟಿದ್ದಾರೆ. ಹೀಗಾಗಿ ಕ್ಯಾನ್ಸರ್ ಕಡೆಯ ವೀಲ್‌ಚೇರೂ ಅಲ್ಲಿಗೆ ಬರುವುದಿಲ್ಲ, ಹೃದಯದ ಕಡೆಯ ವೀಲ್‌ಚೇರೂ ಅಲ್ಲಿಗೆ ಬರುವುದಿಲ್ಲ. ಹೃದಯ ದಣಿದವರಿಗಾಗಿ ಇರುವ ಕೋಣೆಗೆ ಹೃದಯ ದಣಿಯದವರು ಮಾತ್ರ ಆರಾಮವಾಗಿ ಹೋಗಬಹುದಾಗಿದೆ. ಸಮಿತಿಯ ಸದಸ್ಯರೆಲ್ಲರೂ ಸ್ಥಳ ಪರಿಶೀಲನೆಗೆ ನಡೆದೇ ಹೋಗಿದ್ದರೆಂದು ತಿಳಿದುಬಂದಿರುತ್ತದೆ.

೮. ಆದಾಗ್ಯೂ ನಾವು ಹೋದೆವು. ಸೋಮವಾರ ಹೋದರೆ ನಗುಮುಖದ ಡಾಕ್ಟರು ಇದ್ದರು, ಗಡಿಬಿಡಿ ಮೇಡಂ ಇರಲಿಲ್ಲ. ಗುರುವಾರ ಹೋದರೆ ಗಡಿಬಿಡಿ ಮೇಡಂ ಇದ್ದರು, ನಗುಮುಖದ ಡಾಕ್ಟರು ಇರಲಿಲ್ಲ. ಸೋಮವಾರದವರು "ಗುರುವಾರ ಮೇಡಂ ಏನಂತಾರೆ ನೋಡೋಣ" ಎಂದರು. ಗುರುವಾರದವರು "ಸೋಮವಾರ ಸಾರ್ ಏನಂದ್ರು?" ಎಂದರು. ಹಳೆಯ ಮಾತುಗಳೇ, ಹೊಸ ಕೋಣೆಯಲ್ಲಿ, ಹೊಸ ಬಣ್ಣದ ವಾಸನೆಯೊಂದಿಗೆ.

ಇಬ್ಬರೂ ಒಂದೇ ದಿನ ಏಕೆ ಕೂರುವುದಿಲ್ಲವೆಂದು ತಮ್ಮ ಆಪ್ತ ಸಹಾಯಕರನ್ನು ಕೇಳಿದೆ. ಅವರು ಬಹಳ ತಾಳ್ಮೆಯಿಂದ ವಿವರಿಸಿದರು.

"ನೋಡಿ, ಒಂದು ಹೊರರೋಗಿ ಕೋಣೆ ಅಂದ್ರೆ ಒಂದು ಮೇಜು, ಡಾಕ್ಟರಿಗೆ ಒಂದು ಕುರ್ಚಿ, ರೋಗಿಗೆ ಒಂದು ಸ್ಟೂಲು. ಮಂಜೂರಾತಿ ಇರೋದೇ ಅಷ್ಟು. ಇಬ್ಬರೂ ಒಟ್ಟಿಗೆ ಬಂದ್ರೆ ಇನ್ನೊಬ್ಬರು ಎಲ್ಲಿ ಕೂರ್ತಾರೆ?"

"ಸ್ಟೂಲಿನ ಮೇಲೆ?"

"ರೋಗಿ ಕೂರೋ ಸ್ಟೂಲಿನ ಮೇಲೆ ಡಾಕ್ಟರಾ! ಏನ್ರೀ ಮಾತಾಡ್ತೀರಾ?"

"ಐದು ನಿಮಿಷ ನಿಂತ್ಕೊಂಡು?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಯಾರ ಮೇಲೋ ಕೈ ಮಾಡಿದ್ದೆನೇನೋ ಎನ್ನುವ ಹಾಗಿತ್ತು ಆ ನೋಟ.

"ಹಾಗಾದ್ರೆ ಇನ್ನೊಂದು ಕುರ್ಚಿ ಹಾಕ್ಸಿ ಸಾರ್."

"ಯಾವ ವಿಭಾಗದಿಂದ? ಕ್ಯಾನ್ಸರ್‌ನಿಂದ ತಂದ್ರೆ ಗೆರೆ ದಾಟುತ್ತೆ. ಹೃದಯದಿಂದ ತಂದ್ರೂ ಗೆರೆ ದಾಟುತ್ತೆ."

"ಈಗಿರೋ ಕುರ್ಚಿ ಎಲ್ಲಿಂದ ಬಂತು?"

"ಅದು ಉದ್ಘಾಟನೆಗೆ ತಂದಿದ್ದು. ವಾಪಸ್ ಕೊಡೋದು ಮರೆತಿದ್ದಾರೆ. ನೀವು ಜಾಸ್ತಿ ಕೇಳಿದ್ರೆ ಅದೂ ಹೋಗುತ್ತೆ."

ನಾನು ಜಾಸ್ತಿ ಕೇಳಲಿಲ್ಲ.

೯. ಇಬ್ಬರು ಡಾಕ್ಟರ ನಡುವೆ ವೈಮನಸ್ಯವಿದೆಯೆಂದು ನಾನು ಹೇಳುತ್ತಿಲ್ಲ. ಒಂದು ದಿನ ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸದರಿಯವಳಿಗೆ ನೀರು ಕುಡಿಸುತ್ತಿದ್ದೆ. ಪಕ್ಕದ ಮೇಜಿನಲ್ಲಿ ನಗುಮುಖದ ಡಾಕ್ಟರೂ ಗಡಿಬಿಡಿ ಮೇಡಂ ಕೂಡ ಎದುರುಬದುರು ಕೂತು ಟೀ ಕುಡಿಯುತ್ತಿದ್ದರು! ಮನೆ ಕಟ್ಟಿಸುವವರಿಂದ ಅನುಭವಿಸುವ ಪಾಡಿನ ಬಗ್ಗೆ ಮಾತು ನಡೆದಿತ್ತು. ಮೇಡಂ ನಗುತ್ತಿದ್ದರು, ಗಡಿಬಿಡಿ ಇರಲಿಲ್ಲ. ಅಷ್ಟು ಸ್ನೇಹದಿಂದ ಮಾತಾಡುವ ಇಬ್ಬರನ್ನು ನಾನು ನಮ್ಮ ಬೀದಿಯಲ್ಲಿ ಕಂಡಿಲ್ಲ.

ನಾನು ಬೇಡವೆಂದು ಕೈ ಹಿಡಿದರೂ ಬಿಡಿಸಿಕೊಂಡು ಸದರಿಯವಳು ಅವರ ಮೇಜಿನ ಪಕ್ಕ ಹೋಗಿ ನಿಂತಳು.

"ಇಬ್ಬರೂ ಸಿಕ್ಕಿದ್ರಲ್ಲ. ನನ್ನ ಇಂಜೆಕ್ಷನ್ ಕೊಡ್ತೀರೋ, ಇಲ್ವೋ?"

ಡಾಕ್ಟರು ನಕ್ಕರು. ಮೇಡಂ ಟೀ ಲೋಟ ಕೆಳಗಿಟ್ಟು ಆಕೆಯ ಕಾಲು ನೋಡಿದರು, ಬೆರಳಿನಿಂದ ಒತ್ತಿ ಊತ ಇಳಿದಿದೆಯೆಂದು ಖಚಿತ ಮಾಡಿಕೊಂಡರು. ನಗುಮುಖದವರ ಕಡೆ ತಿರುಗಿದರು. "ಮಾತ್ರೆಗೆ ಚೆನ್ನಾಗಿ ಒಗ್ಗಿಕೊಂಡಿದ್ದಾರೆ. ಇನ್ನೊಂದು ಎಕೋ ಮಾಡಿ, ನಾನು ಪಕ್ಕದಲ್ಲಿದ್ದು ನೋಡ್ಕೋತೀನಿ ಅಂದ್ರೆ ನೀವು ಕೊಡಬಹುದಲ್ವಾ?"

"ನೀವು ನೋಡ್ಕೋತೀರಿ ಅಂದ್ರೆ ನನಗೇನು ಕಷ್ಟ? ಕೊಡೋಣ" ಎಂದರು ಅವರು.

ಮಾನ್ಯರೇ, ಗೆರೆಗಳ ನಡುವೆ ನಾವು ಅಷ್ಟು ಓಡಾಡಿಯೂ ಸಿಗದ ಮಾತು ಒಂದು ಲೋಟ ಟೀ ಆರುವುದರೊಳಗೆ ಸಿಕ್ಕಿತು. ಸದರಿಯವಳು ನನ್ನ ಕಡೆ ನೋಡಿದ ರೀತಿಯನ್ನು ವಿವರಿಸಲು ಈ ಅರ್ಜಿಯಲ್ಲಿ ಜಾಗವಿಲ್ಲ. ಮದುವೆಯಾದ ಹೊಸದರಲ್ಲಿ ಆಕೆ ಹಾಗೆ ನೋಡುತ್ತಿದ್ದಳು.

ನನ್ನ ಕಸುಬಿನ ಕೆಟ್ಟ ಚಟದಿಂದ ನಾನು ಬಾಯಿ ಹಾಕಿದೆ. "ಇದನ್ನೇ ಒಂದು ಚೀಟೀಲಿ ಬರೆದುಕೊಟ್ರೆ..."

ಇಬ್ಬರೂ ಒಮ್ಮೆಗೇ ನೆಟ್ಟಗೆ ಕೂತರು. "ಕ್ಯಾಂಟೀನಲ್ಲಿ ಆಡಿದ ಮಾತನ್ನ ಬರೆಯೋಕಾಗಲ್ಲ ಯಜಮಾನ್ರೇ" ಎಂದು ನಗುಮುಖದವರು ನಗುತ್ತ ಹೇಳಿದರು. "ಇದು ಕೋಣೆಯಲ್ಲಿ ಆಗ್ಬೇಕು. ಇಬ್ಬರೂ ಕೂತು, ಎಕೋ ಮುಂದಿಟ್ಟುಕೊಂಡು." ಮೇಡಂ ಆಗಲೇ ಎದ್ದು ನಡೆಯುತ್ತ "ಗುರುವಾರ ಬನ್ನಿ" ಎಂದರು. ಇವರು "ಸೋಮವಾರ ಬನ್ನಿ" ಎಂದರು.

ಅಲ್ಲಿಯ ಮೇಜಿಗೂ ಕೋಣೆಯ ಮೇಜಿಗೂ ಇರುವ ವ್ಯತ್ಯಾಸವನ್ನು ನಾನು ಆ ದಿನ ಚೆನ್ನಾಗಿ ಗಮನಿಸಿದೆ. ಕ್ಯಾಂಟೀನಿನ ಮೇಜಿಗೆ ಎರಡು ಕುರ್ಚಿಗಳಿದ್ದವು.

೧೦. ಆದ್ದರಿಂದ ನಾನೇ ಒಂದು ಕುರ್ಚಿ ಕೊಡುವುದೆಂದು ತೀರ್ಮಾನಿಸಿದೆ. ಅಂಗಡಿಯಲ್ಲಿ ಗಿರಾಕಿಗಳು ಕೂರುವ ಕುರ್ಚಿಯ ಒಂದು ಕಾಲು ಗಿಡ್ಡ. ಅದರ ಮೇಲೆ ಡಾಕ್ಟರನ್ನು ಕೂರಿಸಿದರೆ ತೀರ್ಮಾನವೂ ಓಲಾಡೀತೆಂದು ಸದರಿಯವಳು ತಾನು ಹೊಲಿಯುವಾಗ ಕೂರುವ ಕುರ್ಚಿಯನ್ನು ಕೊಟ್ಟಳು. ಬೆನ್ನಿಗೆ ಆಧಾರವಿದೆ, ಆಕೆಯೇ ಹೊಲಿದ ದಿಂಬಿದೆ.

ನನ್ನ ಭಾವಮೈದುನ, ಎಂದರೆ ಆಕೆಯ ತಮ್ಮ, ಅದನ್ನು ತಲೆಕೆಳಗಾಗಿ ತಲೆಯ ಮೇಲೆ ಹೊತ್ತು ನನ್ನ ಸ್ಕೂಟರಿನ ಹಿಂದೆ ಕೂತ. ಊರೆಲ್ಲ ನೋಡಿತು. ಗೇಟಿನ ಕಾವಲುಗಾರರು ಅಡ್ಡ ಕೈ ಹಾಕಿದರು.

"ಏನಿದು?"

"ಕುರ್ಚಿ."

"ಅದು ಕಾಣ್ಸುತ್ತೆ. ಯಾರ ಜೊತೆ ಬಂದಿದ್ದು?"

"ನಮ್ಮ ಜೊತೆ. ದಾನ ಕೊಡೋಕೆ" ಎಂದ ಭಾವಮೈದುನ.

"ರೋಗಿಗೆ ಪಾಸಿದೆ, ರೋಗಿ ಕಡೆಯವರಿಗೆ ಪಾಸಿದೆ. ಕುರ್ಚಿಗೆ ಪಾಸಿಲ್ಲ. ಇವತ್ತು ಒಳಗೆ ಬಿಟ್ಟು ನಾಳೆ ನೀವು ಹೊರಗೆ ತಗೊಂಡು ಹೋಗೋವಾಗ ಅದು ಆಸ್ಪತ್ರೇದೇ ಅಂತ ನಾನೇ ಹಿಡೀಬೇಕಾಗುತ್ತೆ."

"ನಾವು ವಾಪಸ್ ತಗೊಂಡು ಹೋಗಲ್ವಲ್ಲ ಮಾರಾಯ್ರೇ!"

"ಹಾಗಂತ ಎಲ್ಲಾ ಹೇಳ್ತಾರೆ."

ಭಾವಮೈದುನನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಅವನು ಕೈ ಎತ್ತುವ ಮೊದಲೇ ನಾನು ಅವನನ್ನು ಎಳೆದುಕೊಂಡು ಬಂದೆ. ಕುರ್ಚಿ ಗೇಟಿನಲ್ಲೇ ಉಳಿಯಿತು. ಸದ್ಯ ಅದರ ಮೇಲೆ ಕಾವಲುಗಾರರು ಕೂರುತ್ತಿದ್ದಾರೆ. ದಿಂಬು ಹಿತವಾಗಿದೆಯೆಂದು ಅವರೇ ಹೇಳಿದರು. ಸದರಿಯವಳು ಈಗ ಮಂಚದ ಅಂಚಿನಲ್ಲಿ ಕೂತು ಗುಂಡಿ ಹಾಕುವ ಕೆಲಸ ಮಾತ್ರ ಮಾಡುತ್ತಿದ್ದಾಳೆ. ಕುರ್ಚಿ ಇದ್ದಿದ್ದರೂ ಯಂತ್ರ ತುಳಿಯಲು ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕುರ್ಚಿ ಇಲ್ಲವೆಂಬ ಕಾರಣ ಆಕೆಗೆ ಸಿಕ್ಕಿದೆ. ಗಿರಾಕಿಗಳಿಗೆ ಅದನ್ನೇ ಹೇಳುತ್ತಾಳೆ.

೧೧. ಈ ಅರ್ಜಿಯನ್ನು ಟೈಪ್ ಮಾಡುತ್ತಿರುವಾಗ ಸದರಿಯವಳು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಈ 'ಬಡಪಾಯಿ ಹೆಂಡತಿ' ಯಾರ್ರೀ?"

"ನೀನೇ. ಅರ್ಜೀಲಿ ಹಾಗೆ ಬರೀಬೇಕು."

"ತೆಗೀ‍ರಿ ಅದನ್ನ. ಕರುಣೆ ಕೇಳಿದ್ರೆ ಕರುಣೆ ಕೊಟ್ಟು ಕಳಿಸ್ತಾರೆ. ಕುರ್ಚಿ ಕೇಳಿ."

ಕಾರಣ "ಬಡಪಾಯಿ" ಎಂಬ ಪದವನ್ನು ಅರ್ಜಿಯುದ್ದಕ್ಕೂ ತೆಗೆದುಹಾಕಲಾಗಿದೆ. ಆಕೆ ಅಲ್ಲೇ ನಿಂತಿದ್ದಳು. ಹೆಗಲ ಮೇಲಿಂದಲೇ ಮತ್ತೆ ಕೇಳಿದಳು: "ಇಂಜೆಕ್ಷನ್ ನಿಂತು ತುಂಬಾ ದಿನ ಆಯ್ತಲ್ವಾ? ಅದು ವಾಪಸ್ ಬಂದಿರುತ್ತಾ?"

"ಏ ಸುಮ್ನಿರೆ. ಟೈಪ್ ಮಾಡೋಕೆ ಬಿಡು" ಎಂದೆ. ಏನೂ ಬರೆಯುವುದಿರಲಿಲ್ಲ. ಕೀಲಿಗಳನ್ನು ಸುಮ್ಮನೆ ಜೋರಾಗಿ ಬಡಿಯುತ್ತ ಕೂತೆ. ಹಾಳೆಯ ಮೇಲೆ ಅರ್ಥವಿಲ್ಲದ ಎರಡು ಸಾಲು ಮೂಡಿದವು. ಆ ಹಾಳೆಯನ್ನು ಹರಿದುಹಾಕಿ ಇದನ್ನು ಹೊಸದಾಗಿ ಬರೆಯುತ್ತಿದ್ದೇನೆ.

ಮಾನ್ಯರೇ, ನನಗೆ ಹೆದರಿಕೆಯಾಗಿದೆ. ಇದಕ್ಕೆ ಕಚೇರಿಯ ಭಾಷೆಯಲ್ಲಿ ತಕ್ಕ ಪದ ಹುಡುಕಿದೆ. "ಅನಾನುಕೂಲ" ಸಾಲದು. ಇಷ್ಟು ವರ್ಷ ಊರಿನವರ ಸಂಕಟವನ್ನೆಲ್ಲ ಟೈಪ್ ಮಾಡಿದ ನನಗೆ ನನ್ನದನ್ನು ಟೈಪ್ ಮಾಡಲು ಕೈ ಬರುತ್ತಿಲ್ಲ. ತಮ್ಮ ಒಂದು ಕಟ್ಟಡದವರು ಆಕೆಯಲ್ಲಿ ಗಂಟನ್ನು ನೋಡುತ್ತಾರೆ, ಇನ್ನೊಂದು ಕಟ್ಟಡದವರು ಹೃದಯವನ್ನು ನೋಡುತ್ತಾರೆ, ಇಬ್ಬರೂ ಚೆನ್ನಾಗಿಯೇ ನೋಡುತ್ತಾರೆ. ಆದರೆ ಸಂಜೆ ನಾನು ಮನೆಗೆ ಕರೆದುಕೊಂಡು ಹೋಗಬೇಕಾದವಳು ಒಬ್ಬಳೇ. ನನಗೆ ಆಕೆ ಇಡಿಯಾಗಿ ಬೇಕು. ತಾವು ರಸೀದಿ ಕೊಟ್ಟು ತೆಗೆದಿರುವ ಎಡಸ್ತನವನ್ನು ಬಿಟ್ಟು, ಉಳಿದದ್ದೆಲ್ಲ ಬೇಕು. ಬಯ್ಯುವ ಬಾಯಿಯೂ ಸೇರಿದಂತೆ.

ಈ ಮೇಲ್ಕಂಡ ಎಲ್ಲ ಕಾರಣಗಳಿಂದ, ಆದ್ದರಿಂದ, ಆದಕಾರಣ, ತಾವು ದೊಡ್ಡ ಮನಸ್ಸು ಮಾಡಿ:

(ಅ) ಸದರಿ ಕೋಣೆಗೆ ಡಾಕ್ಟರ ಎರಡನೆಯ ಕುರ್ಚಿಯನ್ನು ಮಂಜೂರು ಮಾಡಬೇಕು. ಹಾಗೆ ಮಂಜೂರು ಮಾಡಲು ಯಾವ ವಿಭಾಗಕ್ಕೂ ಮನಸ್ಸಿಲ್ಲದಿದ್ದಲ್ಲಿ, ಗೇಟಿನಲ್ಲಿರುವ ಕುರ್ಚಿಯನ್ನು ರೋಗಿಯೆಂದು ಪರಿಗಣಿಸಿ ಪಾಸು ಕೊಡಬೇಕು. ಅದಕ್ಕೆ ಬೆನ್ನು, ಕಾಲು, ಕೈ ಎಲ್ಲ ಇರುತ್ತವೆ.

(ಆ) ಯಾವುದಾದರೂ ಒಂದು ಬಣ್ಣದ ಗೆರೆಯ ಕಡೆಯ ವೀಲ್‌ಚೇರಿಗೆ ಆ ಕೋಣೆಯ ಬಾಗಿಲಿನವರೆಗೆ ಬರಲು ಅನುಮತಿ ನೀಡಬೇಕು. ಬಂದ ವೀಲ್‌ಚೇರು ಹಿಂದಿರುಗುವ ಬಗ್ಗೆ ನಾನು ವೈಯಕ್ತಿಕವಾಗಿ ಜವಾಬ್ದಾರಿ ಹೊರುತ್ತೇನೆ; ಬೇಕಾದರೆ ಅದು ಮರಳುವವರೆಗೆ ನನ್ನ ಭಾವಮೈದುನನನ್ನು ಹಳದಿ ಗೆರೆಯ ಈಚೆ ಒತ್ತೆಯಾಗಿ ನಿಲ್ಲಿಸುತ್ತೇನೆ.

(ಇ) ಇಬ್ಬರೂ ಡಾಕ್ಟರು ಒಂದೇ ದಿನ, ಒಂದೇ ಹೊತ್ತಿಗೆ, ಒಂದು ಲೋಟ ಟೀ ಆರುವಷ್ಟು ಸಮಯ ಅಲ್ಲಿ ಕೂರುವಂತೆ ಆದೇಶಿಸಬೇಕು. ಟೀ ನಾವು ತರುತ್ತೇವೆ.

ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲದ,
ತಮ್ಮ ವಿಶ್ವಾಸಿ,
(ಸಹಿ)
ಸದರಿಯವಳ ಗಂಡ

ಲಗತ್ತುಗಳು:
೧. ನಗುಮುಖದ ಡಾಕ್ಟರ ಚೀಟಿ: "ಹೃದಯ ವಿಭಾಗದ ಅಭಿಪ್ರಾಯ ಬಂದ ನಂತರ."
೨. ಗಡಿಬಿಡಿ ಮೇಡಂ ಅವರ ಚೀಟಿ: "ಕ್ಯಾನ್ಸರ್ ವಿಭಾಗದ ತೀರ್ಮಾನ ಬಂದ ನಂತರ."
೩. ಹೃದಯದ ಇತ್ತೀಚಿನ ಎಕೋ, ಒಂದು. ಮುಂದಿನ ಎಕೋ ಎಲ್ಲಿ ಮಾಡಿಸಬೇಕೆಂದು ತಿಳಿಸಿದಲ್ಲಿ ಮಾಡಿಸಲಾಗುವುದು.
೪. "ಚಿಕಿತ್ಸೆಯ ನಂತರ" ಫೋಟೋದ ಪ್ರತಿ. ಇದನ್ನು ನಿಜ ಮಾಡಿಕೊಡಬೇಕಾಗಿ ಕೋರಿದೆ.
೫. ಕುರ್ಚಿ, ದಿಂಬು ಸಹಿತ, ಒಂದು (ಲಕೋಟೆಯಲ್ಲಿ ಹಿಡಿಸದ ಕಾರಣ ಗೇಟಿನಲ್ಲಿದೆ, ಕಾವಲುಗಾರರನ್ನು ಎಬ್ಬಿಸಿ ಪಡೆದುಕೊಳ್ಳುವುದು).

ಕೊನೆಯ ಕೋರಿಕೆ: ಸದರಿಯವಳು ಈ ಅರ್ಜಿಯನ್ನು ಪೂರ್ತಿ ಓದಿ, ಇದೆಲ್ಲ ಆಗುವ ಹೋಗುವ ಮಾತಲ್ಲವೆಂದು ಹೇಳಿ, ಬರುವ ಸೋಮವಾರ ಬೆಳಿಗ್ಗೆ ತಾನೇ ಬರುವುದಾಗಿ ತೀರ್ಮಾನಿಸಿದ್ದಾಳೆ. ಆ ಕೋಣೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಸ್ಟೂಲು ಕೊಟ್ಟರೂ ಕೂರುವುದಿಲ್ಲವಂತೆ. ಇಬ್ಬರೂ ಡಾಕ್ಟರು ಕೂತ ಮೇಲೆಯೇ ತಾನು ಕೂರುವುದಂತೆ. ನನ್ನ ಮಾತು ಆಕೆ ಎಂದೂ ಕೇಳಿದವಳಲ್ಲ. ಆಕೆಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲವಾದ್ದರಿಂದ, ಈ ಅರ್ಜಿಯನ್ನು ತುರ್ತು ಎಂದು ಪರಿಗಣಿಸಬೇಕಾಗಿ ಕೋರಿಕೆ.